ಗಂಟೆಯ ಹಗ್ಗ

ಊಟದ ಹೊತ್ತಿನೊಳಗೆ ಏಳು ಸಹಿ ಆಗಬೇಕಿತ್ತು.
ಆರು ಆಗಿದ್ದವು.
ಏಳನೆಯವರು ದೋನ್ ಒನೋಫ್ರೆ, ಹಾಸಿಗೆ ಹದಿನಾಲ್ಕು,
ವಾಲ್ಪರೈಸೊದ ಕಡಿದಾದ ಗುಡ್ಡವೊಂದರಲ್ಲಿ
ಮೂವತ್ತೆಂಟು ವರ್ಷ ಹಳಿಗಾಡಿ ಏರಿಸಿ ಇಳಿಸಿದವರು.

"ಇಲ್ಲಿ," ಅಂದೆ, ಬೆರಳಿಟ್ಟು.
ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು,
ಅದರಡಿ ಏನು ಬರೆದಿದೆ ನೋಡಲು.
ಕನ್ನಡಕದ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿತ್ತು.
ಮೊದಲ ಪುಟಕ್ಕೇ ಹತ್ತು ನಿಮಿಷ.
ಹೊರಗೆ ಸೂಪಿನ ತಳ್ಳುಗಾಡಿ ಬಂತು, ಹೋಯಿತು.

"ನೂರಕ್ಕೆ ಇಬ್ಬರು ಅಂತಿದೆ.
ಆ ಇಬ್ಬರೂ ಇದನ್ನು ಓದಿದ್ದರಾ?"

ಗೊತ್ತಿರಲಿಲ್ಲ.
ಕುರ್ಚಿ ಎಳೆದು ಕೂತೆ.
ಆ ದಿನ ನಾನು ಕೂತದ್ದು ಅದೇ ಮೊದಲು.

ಎದೆಗೂಡು ತೆರೆಯುವುದು, ಗುಂಡಿಗೆ ನಿಲ್ಲಿಸುವುದು,
ಸುಣ್ಣಗಟ್ಟಿದ ಕವಾಟ ಕಿತ್ತು
ದನದ ಪೊರೆಯಿಂದ ಮಾಡಿದ್ದೊಂದನ್ನು ಹೊಲಿಯುವುದು,
ಎಲ್ಲ ಹೇಳಿದೆ. ಹೇಳಿ,
"ಈಗ ನೀವು ನನಗೆ ಒಪ್ಪಿಸಿ," ಅಂದೆ,
"ನಿಮ್ಮದೇ ಮಾತಲ್ಲಿ."

"ನಾಳೆ ನನ್ನ ಗಾಡಿ ನಿಲ್ಲಿಸ್ತೀರಿ.
ಹೊರಗಿನದೊಂದು ಯಂತ್ರ ಭಾರ ಹಿಡಿದಿರತ್ತೆ.
ಸವೆದ ಬಾಗಿಲು ಬಿಚ್ಚಿ ಹೊಸದು ಕೂರಿಸಿ
ಬ್ರೇಕು ಬಿಡ್ತೀರಿ.
ಗಾಡಿ ಕದಲದೆಯೂ ಇರಬಹುದು."
"ಇರಬಹುದು."
"ಕದಲಿದರೂ ನನ್ನ ಮಾತು ಬಿದ್ದುಹೋಗಬಹುದು.
ಮೂರನೇ ಪುಟ."
ಪರೀಕ್ಷೆಯಲ್ಲಿ ನಾನೇ ಇಷ್ಟು ಚೆನ್ನಾಗಿ ಒಪ್ಪಿಸಿರಲಿಲ್ಲ.

ಆಮೇಲೆ ಗಂಟೆಯ ವಿಷಯ ತೆಗೆದರು.
ಗಾಡಿಯೊಳಗೊಂದು ಹಗ್ಗ, ಎಳೆದರೆ
ಮೇಲೆ ಅವರ ಕೋಣೆಯಲ್ಲಿ ಗಂಟೆ.
ಅಷ್ಟು ವರ್ಷದಲ್ಲಿ ಎಳೆದವಳು ಒಬ್ಬಳೇ,
ಕೇಕಿನ ಡಬ್ಬಿ ಹಿಡಿದ ಹುಡುಗಿ,
ಮೇಣದಬತ್ತಿ ಮರೆತಿದ್ದಳಂತೆ.
"ನಿಲ್ಲಿಸಿದೆ. ಹಿಂದಕ್ಕಿಳಿಸಿದೆ. ಕಾರಣ ಆಮೇಲೆ ಕೇಳಿದೆ.
ನಿಮ್ಮಲ್ಲಿ ಹಗ್ಗ ಎಲ್ಲಿದೆ?"

ಸಹಿ ಹಾಕಿದ ಮೇಲೂ ಬೇಡ ಅನ್ನಬಹುದು, ಅಂದೆ.
ಸ್ಟ್ರೆಚರಿನಲ್ಲಿ ಮಲಗಿಸಿ ತಳ್ಳುವಾಗಲೂ,
ನಿದ್ದೆಯ ಮದ್ದು ನರಕ್ಕೆ ಇಳಿಯುವ ತನಕ.
ಕಾರಣ ಕೊಡಬೇಕಿಲ್ಲ.

"ಇಳಿದ ಮೇಲೆ?"

"ಆಮೇಲೆ ಹಗ್ಗ ಇನ್ನೊಬ್ಬರ ಕೈಲಿರತ್ತೆ.
ಯಾರ ಕೈಲಿ ಅಂತ ನೀವು ಬರೆಯಬಹುದು."

ಮಗನ ಹೆಸರು ಬರೆಯುತ್ತಾರೆ ಅಂದುಕೊಂಡೆ;
ಅವನು ಬಾಗಿಲ ಹತ್ತಿರವೇ ನಿಂತಿದ್ದ, ಟೊಪ್ಪಿ ಹಿಸುಕುತ್ತ.
ತಂಗಿಯದು ಬರೆದರು, ಎರ್ಮಿನಿಯಾ, ಒಂದೊಂದೇ ಅಕ್ಷರ.
"ಇವನು ನಾನು ಬದುಕಲಿ ಅಂತಾನೆ.
ಅವಳಿಗೆ ನಾನು ಹೇಳಿದ್ದು ಕೇಳಿಸತ್ತೆ."

ಸಹಿಯ ಗೆರೆ ಖಾಲಿಯೇ ಉಳಿಯಿತು.
ಕಾಗದ ಮಡಿಸಿ ದಿಂಬಿನಡಿ ಇಟ್ಟುಕೊಂಡು,
"ರಾತ್ರಿ ಒಂದು ಸಲ ಏರಿ ಇಳಿದು ನೋಡ್ತೀನಿ," ಅಂದರು.
"ಬೆಳಗ್ಗೆ ಬನ್ನಿ."

ಊಟಕ್ಕೆ ಹೋಗಲಿಲ್ಲ.
ಒಂಬತ್ತನೇ ಹಾಸಿಗೆಯ ಹೆಂಗಸು,
ಹನ್ನೊಂದಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದ್ದವಳು,
ನನ್ನನ್ನು ಕಂಡು ಗಾಬರಿಯಾದಳು: "ತಪ್ಪಾಯಿತಾ ಡಾಕ್ಟರೇ?"
"ನನ್ನಿಂದ," ಅಂದೆ,
ಕುರ್ಚಿ ಹುಡುಕುತ್ತ.