ಹೈಕೆಯ ಹಿಮ್ಮಡಿ

ಕೂತುಕೊ ಜೆರೊಟಿಚ್, ಶೂ ಬಿಚ್ಚು.
ಕಾಲು ಆಮೇಲೆ. ಮೊದಲು ಅಟ್ಟೆ ತೋರಿಸು.
ಕಪ್ಸಬೆಟ್ ಬಸ್ ನಿಲ್ದಾಣದ ಈ ಮೂಲೆಯಲ್ಲಿ
ಇಪ್ಪತ್ತೆರಡು ವರ್ಷ ನಾನು ಓದಿದ್ದು
ಸವೆದ ರಬ್ಬರು ಒಂದನ್ನೇ.

ನಾಲಿಗೆಯ ಒಳಮಗ್ಗುಲಲ್ಲಿ ನೀಲಿ ಪೆನ್ನಿನ ಹೆಸರು: ಹೈಕೆ.
ಯಾವ ಊರೋ, ಎಂಥ ಚಳಿಯೋ,
ಮೂಟೆಯೊಳಗೆ ಹಡಗು ಹತ್ತಿ ಬಂದು
ಸಂತೆಯಲ್ಲಿ ನಿನಗೆ ಸಿಕ್ಕಿತು
ಸಾವಿರದೆಂಟುನೂರು ಶಿಲಿಂಗಿಗೆ.

ಇಲ್ಲಿ ನೋಡು, ಎಡಗಾಲು, ಹಿಮ್ಮಡಿಯ ಹೊರ ಅಂಚು
ಒಂದೇ ಕಡೆ ಉಜ್ಜಿದ ಸಾಬೂನಿನ ಹಾಗೆ.
ಅವಳು ಹೀಗೆ ಊರಿದಳು, ಎಷ್ಟು ನೂರು ಮೈಲಿಯೋ,
ಒಳಗಿನ ಸ್ಪಂಜು ಅವಳ ಭಾರವನ್ನು ಬಾಯಿಪಾಠ ಮಾಡಿತು.
ಈಗ ಓಡುವವಳು ನೀನು.
ಅದು ಒಪ್ಪಿಸುವುದು ಅವಳ ಪಾಠವನ್ನೇ,
ನಿನ್ನ ಮಂಡಿಗೆ.

"ಹಾಗಾದರೆ ಬರಿಗಾಲಲ್ಲೇ ಓಡಲಾ?"
ಓಡಿ ನೋಡಿದವನು ನಾನು.
ಹತ್ತು ವರ್ಷ ಶೂ ಹಾಕಿದ ಕಾಲನ್ನು ಒಂದೇ ದಿನ ಬಿಚ್ಚಿದೆ.
ಮೂರನೇ ವಾರ, ಏರಿನಲ್ಲಿ, ಹಿಮ್ಮಡಿಯ ಹಿಂದೆ
ಯಾರೋ ಕಲ್ಲು ಹೊಡೆದ ಹಾಗಾಯಿತು.
ತಿರುಗಿ ನೋಡಿದರೆ ಯಾರೂ ಇಲ್ಲ.
ಅವತ್ತಿನಿಂದ ಈ ಸ್ಟೂಲು.

ಭಾರ ಅಂತ ಒಂದಿದೆಯಲ್ಲ, ಅದು ಸಾಯುವುದಿಲ್ಲ ಕಣಮ್ಮ.
ಬಾಡಿಗೆದಾರ ಅದು, ಮನೆ ಬದಲಿಸುತ್ತದೆ ಅಷ್ಟೆ.
ದಪ್ಪ ಹಿಮ್ಮಡಿ ಕೊಟ್ಟರೆ ಮಂಡಿಯಲ್ಲಿ ಚಾಪೆ ಹಾಸುತ್ತದೆ,
ತೆಳು ಅಟ್ಟೆ ಕೊಟ್ಟರೆ ಪಾತ್ರೆ ಪಡಗ ಸಮೇತ
ಮೀನಖಂಡಕ್ಕೆ ಇಳಿಯುತ್ತದೆ.
ಅಂಗಡಿಯ ಪೋಸ್ಟರಿನಲ್ಲಿ ಶೂ ಕೆಳಗೆ ಮೋಡ ಬರೆದಿರುತ್ತಾರೆ.
ಆ ಮೋಡದ ಮೇಲೂ ಜನ ಕುಂಟಿದ್ದನ್ನು ಕಂಡಿದ್ದೇನೆ.

ಪೂರ್ತಿ ಹೈಕೆಯದೇ ತಪ್ಪು ಅಂತಲೂ ಅಲ್ಲ, ಹೇಳಿಬಿಡುತ್ತೇನೆ.
ಹೋದ ತಿಂಗಳು ವಾರಕ್ಕೆ ಅರವತ್ತು ಕಿಲೋಮೀಟರು,
ಈ ತಿಂಗಳು ನೂರಹತ್ತು.
ಕೋಚು ಹೇಳಿದ, ನೀನು ತಲೆ ಆಡಿಸಿದೆ.
ಮಂಡಿ ತಲೆ ಆಡಿಸಿತಾ?

ತಗೊ. ಟೈರಿನ ತುಂಡು ಹಚ್ಚಿ ಅಂಚು ಸಮ ಮಾಡಿದ್ದೇನೆ,
ಸತ್ತ ಸ್ಪಂಜನ್ನು ಎಬ್ಬಿಸಲು ನನ್ನ ಕೈಲಾಗದು.
ಹತ್ತು ದಿನ ನಡಿ. ಓಡಬೇಡ.
ದುಡ್ಡು ಬೇರೆ ಜೋಡಿ ಕೊಳ್ಳಲು ಇಟ್ಟುಕೊ.

ಹೊರಟಳು. ಕೆಂಪು ಧೂಳಿನಲ್ಲಿ ಹೆಜ್ಜೆ ಬಿತ್ತು:
ಬಲಗಾಲಿನದು ಅವಳದೇ,
ಎಡಗಾಲಿನದು ಇನ್ನೂ ಸ್ವಲ್ಪ
ದೂರದೂರಿನ ಯಾವಳೋ ಹೆಂಗಸಿನದು.

ತಿರುವಿನವರೆಗೆ ನಡೆದಳು.
ಆಮೇಲೆ, ನಾನು ನೋಡುತ್ತಿಲ್ಲ ಅಂದುಕೊಂಡು,
ಓಡಿದಳು.