ಸುಣ್ಣದಡಿಯ ಮಸಿ

ಕಾಬ್ರಾಸಿನ ಉಪ್ಪುಕೆರೆಯ ದಂಡೆಯಲ್ಲಿ
ನಮ್ಮ ಮನೆಯ ಗೋಡೆಗೆ ಸುಣ್ಣ ಬಳಿದಷ್ಟೂ
ಮೇಲೇಳುತ್ತದೆ ಕಪ್ಪು ಮಸಿಯ ಗುರುತು:
ಡಿಡಿಟಿ, ನಲವತ್ತೆಂಟು.
ಪಿಚಕಾರಿ ಹೊತ್ತು ಬಂದವರು ಬರೆದು ಹೋದದ್ದು.
ಸೊಳ್ಳೆ ಸತ್ತಿತು. ಬರಹ ಉಳಿಯಿತು.

ಅಜ್ಜಿ ಬೊನಾರಿಯಾ ಹೇಳುತ್ತಿದ್ದಳು,
ಅದಕ್ಕೂ ಮುಂಚೆ ಚಳಿಜ್ವರ
ಬಾಗಿಲು ತಟ್ಟಿ ಬರುತ್ತಿರಲಿಲ್ಲವಂತೆ,
ಒಳಗೇ ಇರುತ್ತಿತ್ತು, ಮನೆಯಳಿಯನ ಹಾಗೆ.
ಕೆಂಪು ಕೆನ್ನೆಯ ಗಟ್ಟಿಗರು ಮೊದಲು ಹೋದರು.
ಬಿಳಿಚಿಕೊಂಡು ನಾಲ್ಕು ಮೆಟ್ಟಿಲಿಗೆ ಏದುಸಿರು ಬಿಡುವ ನಾವು
ಉಳಿದೆವು. ಹೆತ್ತೆವು.

ಯಾರೂ ಆರಿಸಲಿಲ್ಲ ಎನ್ನಬೇಡಿ.
ಸೊಳ್ಳೆ ಆರಿಸಿತು,
ಅಕ್ಕಿಯಲ್ಲಿ ಕಲ್ಲು ಹೆಕ್ಕುವವಳ ತಾಳ್ಮೆಯಲ್ಲಿ
ಸಾವಿರ ಬೇಸಿಗೆ.
ಆದರೆ ಅದು ಕೊಟ್ಟದ್ದು ವರವಲ್ಲ, ಸಾಲ.
ಒಂದು ಪಾಲಿದ್ದರೆ ಕಾಯುತ್ತದೆ;
ಅಪ್ಪನದೊಂದು ಅಮ್ಮನದೊಂದು ಕೂಡಿದರೆ
ಬಡ್ಡಿ ಕಟ್ಟುವುದು ಮಗು.
ನನಗೆ ಸೋದರಮಾವನಾಗಬೇಕಿದ್ದ ಅಂತಿಯೋಕು ಕಟ್ಟಿದ:
ಆರು ವರ್ಷ, ಎರಡು ತಿಂಗಳು.
ಅವನ ಬೂಟಿನ ಅಟ್ಟೆ ಇನ್ನೂ ಸವೆದಿಲ್ಲ.

ಬೆಟ್ಟದ ಮೇಲೆ ಬೇರೆಯೇ ಕತೆ.
ನನ್ನ ಗಂಡನ ಊರು: ಮೂವತ್ತು ಒಲೆ, ಕುರಿ, ಮಂಜು,
ಸೊಳ್ಳೆ ಏರಲಾರದ ಎತ್ತರ.
ಅಲ್ಲಿ ಐವರಲ್ಲೊಬ್ಬರಿಗೆ ಇರುಳುಗಣ್ಣು,
ಸಂಜೆಯಾದರೆ ಗೋಡೆ ತಡವಿಕೊಂಡು ನಡೆಯುತ್ತಾರೆ.
ಯಾಕೆ ಎಂದರೆ ಮಾವ ಗವೀನು ನಗುತ್ತಾನೆ.
ಯಾವುದೋ ಪ್ಲೇಗಿನ ವರ್ಷ ಊರು ಬರಿದಾಯಿತಂತೆ,
ತಪ್ಪಿಸಿಕೊಂಡ ಕುರಿ ಹುಡುಕಿ ಹೋದವನೊಬ್ಬ ಉಳಿದನಂತೆ,
ಅವನಿಗೆ ಹನ್ನೊಂದು ಮಕ್ಕಳು, ಅವನಿಗೆ ಆ ಕಣ್ಣು.
ಕಣ್ಣಿಂದಾಗಿ ಬದುಕಿದನೆ? ಅಲ್ಲ.
ಕಣ್ಣು ಕೈಕೊಟ್ಟರೂ ಬದುಕಿದನೆ? ಅದೂ ಅಲ್ಲ.
ಕವಡೆ ಹಾಗೆ ಬಿತ್ತು.
ಊರು ಚಿಕ್ಕದಿದ್ದರೆ ಒಂದೇ ಕವಡೆ ಸಾಕು.

ಒರಿಸ್ತಾನೋ ಆಸ್ಪತ್ರೆಯಲ್ಲಿ ರಕ್ತದ ಕಣ ಎಣಿಸುವವಳು ನಾನು.
ನನ್ನ ಮೇಜಿಗೆ ಎರಡೂ ಊರು ಗಾಜಿನ ಚೂರಿನ ಮೇಲೆ ಬರುತ್ತವೆ.
ಕೇಳುತ್ತಾರೆ: ಯಾವ ಪಾಪಕ್ಕೆ?
ಕೆರೆಯವರಿಗೆ ಹೇಳಬಲ್ಲೆ:
ನಿಮ್ಮ ಅಜ್ಜಿಯರು ಬದುಕಿದ್ದಕ್ಕೆ.
ಬೆಟ್ಟದವರಿಗೆ ಏನೆನ್ನಲಿ?
ಕಾರಣವೇ ಇಲ್ಲ ಎನ್ನುವುದು
ಪಾಪಕ್ಕಿಂತ ಭಾರ.

ಮಗಳು ಇಲಾರಿಯಾ, ಎರಡೂ ಕಡೆಯ ರಕ್ತದವಳು,
ವರದಿ ಮಡಚುತ್ತಾ ಕೇಳಿದಳು:
ಸೊಳ್ಳೆಯೇ ಇಲ್ಲವಲ್ಲ ಅಮ್ಮಾ, ಇದಿನ್ನೂ ಯಾಕಿದೆ?

ನಾನು ಗೋಡೆ ತೋರಿಸಿದೆ.
ಈಸ್ಟರಿಗೆ ಮುಂಚೆ ಸುಣ್ಣ ಬಳಿಯಬೇಕು.
ಗೊತ್ತು, ಮಸಿ ಮತ್ತೆ ಏಳುತ್ತದೆ,
ಪ್ರತಿ ಸಲ
ಒಂದಿಷ್ಟೇ ಇಷ್ಟು ಮಾಸಿ.