ಬರಿಗೋಣೆ

ಪ್ಯಾಕೇಜು ಕಟ್ಟುವ ಮುಂಚೆ ಕೋಣೆ ಕಟ್ಟುತ್ತೇನೆ, ಗಣಕದೊಳಗೆ.
ಕಿಟಕಿಯಿಲ್ಲ. ಹೊರಗಿನ ಜಾಲಕ್ಕೆ ದಾರಿಯಿಲ್ಲ.
ಒಂದು ಕಂಪೈಲರ್, ನಾಲ್ಕು ಸಣ್ಣ ಹತಾರ,
ಮತ್ತೆ ನಾನು ಚೀಟಿಯಲ್ಲಿ ಬರೆದು ಕೇಳಿದ್ದು. ಅಷ್ಟೇ.
ಬರೆಯದೆ ಇದ್ದದ್ದು ಒಳಗೆ ಬರುವುದಿಲ್ಲ,
ನನ್ನ ಹೆಸರು ಕೂಡ. ಅಲ್ಲಿ ನಾನು
ಊರು ಕೇರಿ ಇಲ್ಲದ ಯಾರೋ ಒಬ್ಬಳು.

ಹಾಪ್ಸಲುವಿನ ಈ ಮರದ ಮನೆ ಹಾಗಲ್ಲ.
ಒಲೆಯ ಮೇಲೆ ಒದ್ದೆ ಕೈಗವಸು,
ಡ್ರಾಯರಿನಲ್ಲಿ ಯಾವ ಬೀಗದವೋ ತಿಳಿಯದ ಕೀಲಿಗಳು,
ಎರವಲು ತಂದು ಹಿಂದಿರುಗಿಸದ ಗರಗಸ.
ನನ್ನ ಯಂತ್ರವೂ ಈ ಮನೆಯ ಹಾಗೇ:
ಹನ್ನೊಂದು ವರ್ಷದ ಅದೂ ಇದೂ.

ಡಿಸೆಂಬರಿನಲ್ಲಿ ಸೆವೆರಿನ್ ಅಂತ ಒಬ್ಬ ಹುಡುಗ
ತೊರುನ್ಯಿಂದ ತಿದ್ದುಪಡಿ ಕಳಿಸಿದ್ದ.
ಕಸ ತೆಗೆಯುವ ಸ್ಕ್ರಿಪ್ಟಿನಲ್ಲಿ ಎರಡು ಪದಗಳ ನಡುವೆ
ಇರಬಾರದ ಒಂದು ಖಾಲಿ ಜಾಗ.
ಅಷ್ಟಕ್ಕೇ ಕಸಬರಿಗೆ ಕಸ ಬಿಟ್ಟು ನೆಲವನ್ನೇ ಗುಡಿಸಿತು,
ಗೋಡೆ, ಸೂರು,
ಕೊನೆಗೆ ತನ್ನ ಹಿಡಿಯನ್ನೂ.
ಚಹಾ ಕುಡಿಯುತ್ತ ನೋಡಿದೆ.
ಹೋದದ್ದು ಕೋಣೆ, ಮನೆಯಲ್ಲ.
ಇನ್ನೊಂದು ಕಟ್ಟಲು ನಲವತ್ತು ಸೆಕೆಂಡು.
ಅವನಿಗೆ ಬರೆದೆ: ಯಾರೂ ಸತ್ತಿಲ್ಲ, ಆ ಜಾಗ ತೆಗಿ.

ಜನವರಿಯ ಮಾತು ಬೇರೆ.

ಹೆಲ್ದೂರ್ ಬರೆದ ಪ್ರೋಗ್ರಾಮು ಅದು.
ಗಾಳಿ, ಚಳಿ, ಕಳೆದ ದಿನ ಎಲ್ಲ ಕೂಡಿ
ಕಡಲ ಮೇಲಿನ ಮಂಜುಗಡ್ಡೆ ಎಷ್ಟು ಭಾರ ಹೊರುತ್ತದೆಂದು ಹೇಳುವುದು.
ಹೀಯುಮಾ ದ್ವೀಪಕ್ಕೆ ಅದರ ಮೇಲೆ ರಸ್ತೆ ಬಿಡುವ ವರ್ಷ
ವೈಡೊ ಮೊದಲು ಈ ಲೆಕ್ಕ ನೋಡುತ್ತಾನೆ,
ಆಮೇಲೆ ಸಲಾಕೆ ಹಿಡಿದು ಕೊರೆಯಲು ಹೋಗುತ್ತಾನೆ.
ಆ ರಸ್ತೆಯಲ್ಲಿ ಸೀಟ್ ಬೆಲ್ಟ್ ಕಟ್ಟಬಾರದು.
ಒಡೆದರೆ ಹಾರಬೇಕು.

ಹೆಲ್ದೂರ್ ತೀರಿ ಮೂರು ಚಳಿಗಾಲ.
ಪ್ಯಾಕೇಜು ನನ್ನ ಪಾಲಿಗೆ ಬಂತು,
ನನ್ನ ಯಂತ್ರದಲ್ಲಿ ಒಮ್ಮೆಯೂ ಸೋತದ್ದಿಲ್ಲ.
ಮನೆ ಗೆದ್ದು ಮಾರು ಗೆಲ್ಲು ಅನ್ನುತ್ತಾರೆ.
ಮನೆಯಲ್ಲಿ ಗೆಲ್ಲುವುದೇನು ಮಹಾ,
ಕೇಳದೆಯೇ ಕೈಗೆ ಕೊಡುವವರು ಇರುವಾಗ?

ಬರಿಗೋಣೆಯಲ್ಲಿ ಮೊದಲ ಸಲ ಕಟ್ಟಿದೆ.
ಹದಿನೇಳನೆಯ ಪರೀಕ್ಷೆಯಲ್ಲಿ ನಿಂತಿತು.
ಕೆಂಪಕ್ಷರ: ಕಡತ ಸಿಗಲಿಲ್ಲ.
ರಾತ್ರಿ ಒಂದೂವರೆಗೆ ಕೋಣೆಯನ್ನು ಬೈದೆ,
ಎಸ್ತೋನಿಯನ್ನಿನಲ್ಲಿ ಬೈಗುಳ ಇರುವಷ್ಟೂ.
ಇಲ್ಲೇ ಇದೆಯಲ್ಲ, ಕಣ್ಣೆದುರಿಗೇ!
ಅದಕ್ಕೆ ಕಣ್ಣಿಲ್ಲ.
ಕಟ್ಟಿದವಳು ನಾನೇ, ಕಣ್ಣು ಇಡದೆ.

ಹುಡುಕಿದೆ. ಯಾವುದೋ ಮೂಲೆಯ ಫೋಲ್ಡರಿನಲ್ಲಿ
ಹೆಲ್ದೂರ್ ಕೈಯಾರೆ ಇಟ್ಟ ಹನ್ನೆರಡು ಸಾಲಿನ ಪಟ್ಟಿ:
ಕೊಲ್ಲಿಯ ನೀರಿನ ಉಪ್ಪು, ತಿಂಗಳುವಾರು.
ಎಲ್ಲೂ ನಮೂದಿಲ್ಲ.
ನಾನು ಮೀನು ಹುರಿಯುತ್ತಿದ್ದ ಯಾವುದೋ ಸಂಜೆ
ಇದೇ ಕುರ್ಚಿಯಲ್ಲಿ ಕೂತು ಹಾಕಿರಬೇಕು,
ನಾಳೆ ಹೇಳಿದರಾಯಿತು ಅಂದುಕೊಂಡು.

ಬೇರೆ ಯಂತ್ರಗಳಲ್ಲಿ ಆ ಪಟ್ಟಿಯಿಲ್ಲ.
ವೈಡೊನ ಕಚೇರಿಯಲ್ಲೂ.
ಅಲ್ಲಿ ಪ್ರೋಗ್ರಾಮು ತುಟಿ ಬಿಚ್ಚದೆ
ಕಡಲನ್ನು ಸಿಹಿನೀರೆಂದು ತಿಳಿದು
ಕೆರೆಯ ಲೆಕ್ಕ ಹೇಳುತ್ತಿತ್ತು, ಒಂದು ಕೈ ಹೆಚ್ಚು ಗಟ್ಟಿ.
ಎರಡು ಬೆಚ್ಚನೆಯ ಚಳಿಗಾಲ, ರಸ್ತೆಯೇ ಬಿಡಲಿಲ್ಲ.
ಬದುಕಿದ್ದು ಅದರಿಂದ.

ಯಾರ ಉಪ್ಪು ತಿಂದಿದ್ದೀಯೆ, ಹೇಳು.
ಕೋಣೆ ಕೇಳಿದ್ದು ಇಷ್ಟೇ.
ಮೂರು ವರ್ಷ ತಿಂದಿದ್ದೆ,
ಋಣದ ಪುಸ್ತಕದಲ್ಲಿ ಒಂದು ಗೀಟೂ ಎಳೆಯದೆ.

ಚೀಟಿಗೆ ಸಾಲು ಸೇರಿಸಿದೆ. ಬೇಕು: ಉಪ್ಪು.
ಪಟ್ಟಿಯನ್ನೇ ಪುಟ್ಟ ಪ್ಯಾಕೇಜು ಮಾಡಿ
ಬರೆದವರು ಎಂಬಲ್ಲಿ ಪೂರ್ತಿ ಹೆಸರು, ಹೆಲ್ದೂರ್ ಪಾಯುಸಾರ್.
ಇಮೇಲ್ ಎಂಬಲ್ಲಿ ಏನು ಹಾಕಲಿ?
ಸ್ವಲ್ಪ ಹೊತ್ತು ಕೂತೆ. ನನ್ನದನ್ನೇ ಹಾಕಿದೆ.

ಮತ್ತೆ ಕೋಣೆ, ಮತ್ತೆ ಖಾಲಿ, ಮತ್ತೆ ಮೊದಲಿಂದ.
ಹದಿನೇಳು ದಾಟಿತು. ನಲವತ್ತೊಂದೂ.
ಕೋಣೆಯನ್ನು ಅಳಿಸಿ ಮಲಗಿದೆ.

ಬೆಳಿಗ್ಗೆ ವೈಡೊನ ಫೋನು:
ಹೊಸ ಲೆಕ್ಕ ಏನನ್ನುತ್ತೆ, ಮೈಮು?
ಇವತ್ತು ಬೇಡ ಅನ್ನುತ್ತೆ.
ನಂಬದೆ ಹೋಗಿ ಕೊರೆದ, ಐದು ಕಡೆ.
ಸಾಲದು ಅಂದ.
ತಡೆಹಲಗೆಯನ್ನು ರಸ್ತೆಗೆ ಅಡ್ಡ ಎಳೆದು
ಗಾಡಿ ಹತ್ತಿ
ಬೆಲ್ಟ್ ಕಟ್ಟಿಕೊಂಡು
ಡಾಂಬರಿನ ಮೇಲೆ ಮನೆಗೆ ಹೋದ.